ಲೆಕ್ಕಕ್ಕೆ ಸಿಗದ 34 ದಿನ

2018ರ ಆಗಸ್ಟ್ 28ರಂದು ಪುಣೆಯ ಪೊಲೀಸರು ಎಲ್ಗಾರ್ ಪರಿಷತ್ ಪ್ರಕರಣದಲ್ಲಿ ಮಾನವ ಹಕ್ಕುಗಳ ಹೋರಾಟಗಾರ ಗೌತಮ್ ನವಲಖಾ ಅವರನ್ನು ದೆಹಲಿಯಲ್ಲಿ ಬಂಧಿಸಿದರು. ಅವರನ್ನು ಪುಣೆಗೆ ಕರೆದೊಯ್ಯಲು ದೆಹಲಿಯ ಮ್ಯಾಜಿಸ್ಟ್ರೇಟರ ಅಪ್ಪಣೆ ಬೇಕಿತ್ತು. ಕೇಸ್ ಡೈರಿ ಮರಾಠಿಯಲ್ಲಿತ್ತು. ಬಂಧನಕ್ಕೆ ಸಾಕ್ಷಿ ಹಾಕಿದ ಪಂಚರೂ ಪುಣೆಯಿಂದಲೇ ಬಂದವರು. ಅಪ್ಪಣೆ ಸಿಕ್ಕಿತು. ಒಂದು ತಿಂಗಳ ನಂತರ, ಅಕ್ಟೋಬರ್ 1ರಂದು, ದೆಹಲಿ ಹೈಕೋರ್ಟ್ ಆ ರಿಮಾಂಡ್ ಆದೇಶವನ್ನು ರದ್ದುಮಾಡಿತು. ಬಂಧನದ ಕಾರಣವನ್ನು ಬಂಧಿತರಿಗೆ ತಿಳಿಸಿರಲಿಲ್ಲ, ಮ್ಯಾಜಿಸ್ಟ್ರೇಟರು ಡೈರಿಯನ್ನು ಪರಿಶೀಲಿಸಿರಲಿಲ್ಲ ಎಂಬುದು ಅದರ ಕಾರಣ. ನವಲಖಾ ಅಪರಾಧಿಯೋ ಅಲ್ಲವೋ ಎಂಬುದು ಅಲ್ಲಿನ ಪ್ರಶ್ನೆಯಾಗಿರಲಿಲ್ಲ. ಈ ಟಿಪ್ಪಣಿಯ ಪ್ರಶ್ನೆಯೂ ಅದಲ್ಲ. ಎಲ್ಗಾರ್ ಪರಿಷತ್ ಪ್ರಕರಣದ ವಿಚಾರಣೆ ಅದರ ಪಾಡಿಗೆ ನಡೆಯಲಿ.

ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬ ನಿಯಮ ಸಂವಿಧಾನಕ್ಕಿಂತ ಹಳೆಯದು. ಅದು ದಂಡಪ್ರಕ್ರಿಯಾ ಸಂಹಿತೆಯಲ್ಲಿ ಆಗಲೇ ಇತ್ತು. 1949ರ ಸೆಪ್ಟೆಂಬರಿನಲ್ಲಿ ಅಂಬೇಡ್ಕರ್ ಅದನ್ನು ಸಂವಿಧಾನ ಸಭೆಯ ಮುಂದಿಟ್ಟು, ಇಂದು ನಾವು 22ನೇ ವಿಧಿ ಎನ್ನುವ ಜಾಗಕ್ಕೆ ತಂದದ್ದು ಒಂದೇ ಉದ್ದೇಶಕ್ಕೆ: ನಾಳೆ ಯಾವ ಸಂಸತ್ತೂ ಯಾವ ವಿಧಾನಸಭೆಯೂ ಅದನ್ನು ಅಳಿಸಬಾರದು. (ಅದೇ ವಿಧಿಯೊಳಗೆ ಮುಂಜಾಗ್ರತಾ ಬಂಧನಕ್ಕೂ ಜಾಗ ಮಾಡಿಕೊಟ್ಟದ್ದು ಬೇರೆ ಕಥೆ.) ಯಾರೂ ಅಳಿಸಲಿಲ್ಲ. ಅಳಿಸುವ ಅಗತ್ಯವೂ ಬೀಳಲಿಲ್ಲ. ಕಡತ ನೋಡದೆ ಸಹಿ ಬಿದ್ದರೆ ಸಾಕು, ವಿಧಿ ಪುಸ್ತಕದಲ್ಲಿ ಕ್ಷೇಮವಾಗಿರುತ್ತದೆ, ಮನುಷ್ಯ ಲಾಕಪ್ಪಿನಲ್ಲಿರುತ್ತಾನೆ. ಪುಣೆಯಲ್ಲಿರುವ ಕನ್ನಡಿಗರು ಪರಭಾಷೆಯ ಡೈರಿಯ ಈ ತೊಡಕನ್ನು ಮರಾಠಿಯ ಸಮಸ್ಯೆ ಎಂದುಕೊಳ್ಳಬೇಕಿಲ್ಲ. ಬೆಳಗಾವಿಯ ಪೊಲೀಸರು ಕನ್ನಡದ ಡೈರಿ ಹಿಡಿದು ಪುಣೆಗೆ ಬಂದ ದಿನ ಅಲ್ಲಿನ ಮ್ಯಾಜಿಸ್ಟ್ರೇಟರೂ ಇದೇ ಪರೀಕ್ಷೆಗೆ ಕೂರಬೇಕಾಗುತ್ತದೆ.

ಸಂಗತಿ ಇಷ್ಟೇ ಆಗಿದ್ದರೆ ಹೈಕೋರ್ಟ್ ತಪ್ಪನ್ನು ತಿದ್ದಿತು ಎಂದು ಸಮಾಧಾನಪಟ್ಟುಕೊಳ್ಳಬಹುದಿತ್ತು. ಆಗಿದ್ದು ಬೇರೆ. ನವಲಖಾ 2018ರ ಆ ಅವಧಿಯಲ್ಲಿ 34 ದಿನ ಗೃಹಬಂಧನದಲ್ಲಿದ್ದರು. 2020ರ ಏಪ್ರಿಲ್ 14ರಂದು ಅದೇ ಪ್ರಕರಣದಲ್ಲಿ ಎನ್‌ಐಎಗೆ ಶರಣಾಗಿ ಜೈಲು ಸೇರಿದರು. ನಿಗದಿತ 90 ದಿನದೊಳಗೆ ಆರೋಪಪಟ್ಟಿ ಬರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಇದೂ ಸರ್ಕಾರಕ್ಕೆ ಹಾಕಿದ ಒಂದು ಲಗಾಮು. ಹಳೆಯ 34 ದಿನ ಕೂಡಿಸಿದರೆ 90 ದಾಟಿದೆ ಎಂದು ಅವರು ಜಾಮೀನು ಕೇಳಿದರು. ಬಾಂಬೆ ಹೈಕೋರ್ಟ್ 2021ರ ಫೆಬ್ರವರಿಯಲ್ಲಿ ಒಪ್ಪಲಿಲ್ಲ. ಆ ಬಂಧನವೇ ಅಕ್ರಮ ಎಂದು ದೆಹಲಿಯಲ್ಲಿ ತೀರ್ಮಾನವಾಗಿದೆಯಲ್ಲ, ಅಕ್ರಮ ಬಂಧನದ ದಿನಗಳನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂದಿತು. ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಗೃಹಬಂಧನವೂ ಕಸ್ಟಡಿ ಆಗಬಲ್ಲದು ಎಂದು ತತ್ತ್ವತಃ ಒಪ್ಪಿತು, ಈ 34 ದಿನಗಳನ್ನು ಮಾತ್ರ ಬಿಟ್ಟಿತು. ಬಾಂಬೆ ಹೈಕೋರ್ಟಿನ ತರ್ಕದಂತೆ, ಬಂಧನ ಸಕ್ರಮವಾಗಿದ್ದಿದ್ದರೆ ಆ ದಿನಗಳು ಅವರ ಖಾತೆಗೆ ಜಮೆಯಾಗುತ್ತಿದ್ದವು. ಅಕ್ರಮವೆಂದು ಸಾಬೀತು ಮಾಡಿ ಗೆದ್ದದ್ದಕ್ಕೆ ಅವು ಕಳೆದುಹೋದವು. ಗೆದ್ದವರು ಜಾಮೀನಿನ ಮೇಲೆ ನಿಜಕ್ಕೂ ಹೊರಗೆ ಬಂದದ್ದು 2024ರ ಮೇ ತಿಂಗಳಲ್ಲಿ.

ಬಂಧನದ ಕಾರಣ ತಿಳಿಸಬೇಕೆಂಬ ಕಾನೂನು ನಿಂತಲ್ಲೇ ನಿಂತಿಲ್ಲ, ನಿಜ. ಆದರೆ ನೇರವಾಗಿಯೂ ನಡೆದಿಲ್ಲ. ಕರ್ನಾಟಕ ಹೈಕೋರ್ಟ್ ನಟ ದರ್ಶನ್ ಅವರಿಗೆ ಜಾಮೀನು ಕೊಟ್ಟಾಗ ಬಂಧನದ ಕಾರಣವನ್ನು ಲಿಖಿತವಾಗಿ ಕೊಡದಿದ್ದುದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತ್ತು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಆ ಜಾಮೀನನ್ನು ರದ್ದುಮಾಡಿ, ಆರೋಪಿಗೆ ಅದರಿಂದ ಹಾನಿಯಾಗಿದೆ ಎಂದು ತೋರದ ಹೊರತು ಅಷ್ಟೇ ಲೋಪ ಸಾಲದು ಎಂದಿತು. ಮೂರು ತಿಂಗಳೂ ತುಂಬಿರಲಿಲ್ಲ, ನವೆಂಬರ್ 6ರಂದು ಅದೇ ನ್ಯಾಯಾಲಯದ ಇನ್ನೊಂದು ಪೀಠ ಬೇರೆಯ ಮಾತಾಡಿತು: ಕಾರಣವನ್ನು ಬರಹದಲ್ಲೇ ಕೊಡಬೇಕು, ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲೇ ಕೊಡಬೇಕು, ತಕ್ಷಣ ಆಗದಿದ್ದರೆ ರಿಮಾಂಡಿಗೆ ಎರಡು ಗಂಟೆ ಮೊದಲಾದರೂ ಕೊಡಬೇಕು, ಇಲ್ಲವಾದರೆ ಬಂಧನವೂ ರಿಮಾಂಡೂ ಅಕ್ರಮ. ಒಳ್ಳೆಯ ತೀರ್ಪು. ಇನ್ನು ಮುಂದೆ ಬಂಧಿತನಿಗೆ ತನ್ನ ಭಾಷೆಯಲ್ಲಿ ಕಾಗದ ಸಿಗುತ್ತದೆ. ಅಕ್ರಮವೆಂದು ಸಾಬೀತಾದ ಮೇಲೆ ಒಳಗೆ ಕಳೆದ ದಿನಗಳನ್ನು ಯಾರ ಲೆಕ್ಕಕ್ಕೆ ಬರೆಯಬೇಕು ಎಂಬ ಪ್ರಶ್ನೆ ಆ ಪೀಠದ ಮುಂದೆ ಇರಲಿಲ್ಲ.