ಹಳೆಯ ತೂಬು ಮುಚ್ಚುವ ಮುನ್ನ

ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯ, ಮದ್ದೂರು, ಮಳವಳ್ಳಿಯ ಗದ್ದೆಗಳನ್ನು ಸೇರುವುದು ತೂಬುಗಳ ಮೂಲಕ. ಸಣ್ಣ ಕಚೇರಿಯ ಕಂಪ್ಯೂಟರುಗಳಿಗೆ ಇಂಟರ್‌ನೆಟ್ ಹಂಚುವ ‘ಗೇಟ್‌ವೇ ಸರ್ವರ್’ ಕೂಡ ಅಂಥದೇ ತೂಬು.

ಓದು ಮುಗಿಸಿ ಕೆಲಸಕ್ಕೆ ಸೇರಿದವರಿಗೆ, ಹಿಂದಿನವರು ಬಿಟ್ಟುಹೋದ ಇಂಥ ಪೆಟ್ಟಿಗೆ ಗಂಟುಬೀಳುವುದುಂಟು. ಈಗ ಆ ಕೆಲಸಕ್ಕೆ ಪುಟ್ಟ ರೂಟರ್ ಸಾಕು. ಹಳೆಯದು ಅಪಾಯವೂ ಹೌದು: ‘ಟಿಎಂಜಿ’ ಎಂಬ ಗೇಟ್‌ವೇ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ತನ್ನ ಬೆಂಬಲವನ್ನು 2020ರ ಏಪ್ರಿಲ್‌ನಲ್ಲೇ ನಿಲ್ಲಿಸಿದೆ.

ಹಾಗೆಂದು ತಟ್ಟನೆ ವೈರು ಕೀಳಬೇಡಿ. ಇಡೀ ಕಚೇರಿ ಸ್ತಬ್ಧವಾದೀತು. ಪ್ರತಿ ಕಂಪ್ಯೂಟರಿಗೂ ವಿಳಾಸ ಕೊಡುವುದು, ಜಾಲತಾಣದ ಹೆಸರಿಗೆ ಸಂಖ್ಯೆ ಹುಡುಕುವುದು, ಕಳ್ಳರನ್ನು ತಡೆಯುವುದು ಎಲ್ಲವನ್ನೂ ಅದೊಂದೇ ಮಾಡುತ್ತಿರಬಹುದು. ಮೊದಲು ಇವನ್ನು ಹಾಳೆಯಲ್ಲಿ ಬರೆದುಕೊಳ್ಳಿ. ರಜಾದಿನ ನೋಡಿ ರೂಟರಿಗೆ ವಹಿಸಿ. ಇಬ್ಬರೂ ಒಟ್ಟಿಗೆ ವಿಳಾಸ ಹಂಚಿದರೆ ಗೊಂದಲ; ಆದ್ದರಿಂದ ಹಳೆಯದನ್ನು ಆರಿಸಿಬಿಡಿ. ಬ್ರೌಸರಿನಲ್ಲಿ ಉಳಿದ ಅದರ ‘ಪ್ರಾಕ್ಸಿ’ ವಿಳಾಸ ಅಳಿಸಿ. ಪೆಟ್ಟಿಗೆ ಮಾತ್ರ ಒಂದು ತಿಂಗಳು ಅಲ್ಲೇ ಇರಲಿ. ತಿಂಗಳ ಲೆಕ್ಕಪತ್ರವೂ ಸುಸೂತ್ರವಾಗಿ ಮುಗಿದರೆ, ಡಿಸ್ಕ್ ಅಳಿಸಿ ವಿಲೇವಾರಿ ಮಾಡಿ.

ಪೋಷಕರೇ, ಇದನ್ನು ಕಲಿಯಲು ದುಬಾರಿ ಕೋರ್ಸು ಬೇಡ. ಮನೆಯ ರೂಟರ್ ಏನೇನು ಕೆಲಸ ಮಾಡುತ್ತದೆಂದು ಮಕ್ಕಳಿಂದ ಪಟ್ಟಿ ಮಾಡಿಸಿ ನೋಡಿ.