ಹೆಸರಿಡುವ ಹೊಣೆ

ಹೆಸರಿಲ್ಲದ ಅಪರಾಧಕ್ಕೆ ಅಪರಾಧಿಯೂ ಇರುವುದಿಲ್ಲ. ವಿಯೆಟ್ನಾಂ ಯುದ್ಧ ಕಲಿಸಿದ ಪಾಠವಿದು.

ಸೋಯಾ ಗಿಡ ಬೇಗ ಹೂಬಿಡುವಂತೆ ಮಾಡುವ ರಾಸಾಯನಿಕವನ್ನು ಕುರಿತು ಅಮೆರಿಕದ ಸಸ್ಯವಿಜ್ಞಾನಿ ಆರ್ಥರ್ ಗಾಲ್‌ಸ್ಟನ್ 1943ರಲ್ಲಿ ಡಾಕ್ಟರೇಟ್ ಪಡೆದರು. ಪ್ರಮಾಣ ಮಿತಿಮೀರಿದರೆ ಎಲೆ ಉದುರುವುದನ್ನೂ ಅವರು ಗಮನಿಸಿದ್ದರು. ರೈತನಿಗೆ ನೆರವಾಗಬೇಕಿದ್ದ ಇಂಥ ಅರಿವು ಸೇನೆಯ ಕೈಸೇರಿತು. 1962ರಿಂದ 1971ರವರೆಗೆ ಅಮೆರಿಕದ ವಿಮಾನಗಳು ವಿಯೆಟ್ನಾಮಿನ ಕಾಡು, ಗದ್ದೆಗಳ ಮೇಲೆ 7 ಕೋಟಿ ಲೀಟರಿಗೂ ಮಿಕ್ಕಿ ಸಸ್ಯನಾಶಕ ಸುರಿದವು. ಸೇನೆ ಇದನ್ನು ಕರೆದದ್ದು ‘ಎಲೆ ಉದುರಿಸುವಿಕೆ’ ಎಂದು. ಶಿಶಿರದಲ್ಲಿ ಮರ ತಾನಾಗಿ ಮಾಡುವ ಕೆಲಸವೆಂಬಂತೆ!

1970ರಲ್ಲಿ ಗಾಲ್‌ಸ್ಟನ್ ಹೊಸ ಪದವೊಂದನ್ನು ಮುಂದಿಟ್ಟರು: ‘ಇಕೋಸೈಡ್’, ಅಂದರೆ ಪರಿಸರಹತ್ಯೆ. ಎಲೆ ಉದುರುವುದಕ್ಕೆ ಯಾರೂ ಹೊಣೆಯಾಗಬೇಕಿಲ್ಲ. ಹತ್ಯೆಗೆ ಹಂತಕನೊಬ್ಬ ಇರಲೇಬೇಕು. ಪದದ ಬಲವಿರುವುದು ಇಲ್ಲಿಯೇ.

ಆದರೆ ಪದವೊಂದೇ ಸಾಲದು. ‘ಜನಾಂಗಹತ್ಯೆ’ಗೆ ರಫಾಯಲ್ ಲೆಮ್ಕಿನ್ 1944ರಲ್ಲಿ ಹೆಸರಿಟ್ಟರು; 1948ರಲ್ಲಿಯೇ ವಿಶ್ವಸಂಸ್ಥೆಯ ಒಡಂಬಡಿಕೆಯಾಯಿತು. ಪರಿಸರಹತ್ಯೆಯ ದಾರಿ ದೀರ್ಘವಾದುದು. ಅದನ್ನು ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ವ್ಯಾಪ್ತಿಗೆ ತರಬೇಕೆಂದು ವನುವಾಟು, ಫಿಜಿ, ಸಮೋವಾ ಎಂಬ ಪುಟ್ಟ ದ್ವೀಪರಾಷ್ಟ್ರಗಳು ಪ್ರಸ್ತಾವ ಮಂಡಿಸಿದ್ದು 2024ರಲ್ಲಿ.

ನಮ್ಮ ಕಡತಗಳ ಭಾಷೆಯೂ ಬೇರೆಯಲ್ಲ. ಗಣಿಗೆ ಬಲಿಯಾಗುವ ಕಾಡು ಅಲ್ಲಿ ‘ಅರಣ್ಯೇತರ ಉದ್ದೇಶ’ಕ್ಕೆ ಸಲ್ಲುತ್ತದೆ, ಕಡಿದವರು ಕಾಣುವುದಿಲ್ಲ. ಅಂಥ ಪದವನ್ನು ಕಂಡಾಗ ಗ್ರಾಮಸಭೆಯೂ ತರಗತಿಯೂ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಮಾಡಿದವರು ಯಾರು? ಆ ಪ್ರಶ್ನೆಗೆ ಎಡೆಗೊಡದ ಪದವನ್ನು ಬದಲಿಸುವುದು ಭಾಷೆಯ ಕೆಲಸವಷ್ಟೇ ಅಲ್ಲ, ನ್ಯಾಯದ ಮೊದಲ ಹೆಜ್ಜೆ.