ಸಂಜೆ ಆರರ ನಂತರದ ಫೋನು

ಕಿರುಸಾಲ ಕಂಪನಿಗಳ ಆಡಳಿತದವರಿಗೆ ಬಹಿರಂಗ ಪತ್ರ



ಕಿರುಸಾಲ ಪಡೆದವರಿಗೆ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗಾಗಿ ಫೋನ್ ಮಾಡಕೂಡದು ಎಂದು ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಒಳ್ಳೆಯ ನಿಯಮ. ಧಾರವಾಡದ ಸುತ್ತಲಿನ ಹಳ್ಳಿಗಳಲ್ಲಿ ಕಂತು ಎತ್ತುವ ನನಗೂ ಅದರಿಂದ ನೆಮ್ಮದಿ. ಆದರೆ 6ರ ನಂತರ ನನಗೆ ಫೋನ್ ಮಾಡಕೂಡದು ಎಂದು ಯಾರೂ ಹೇಳಿಲ್ಲ.

ರಾತ್ರಿ 9ಕ್ಕೆ ವಾಟ್ಸಾಪ್ ಗುಂಪಿನಲ್ಲಿ ಬಾಕಿ ಪಟ್ಟಿ ಬೀಳುತ್ತದೆ. ಕಲೆಕ್ಷನ್ ಕಡಿಮೆ ಇದ್ದವರ ಹೆಸರು ಕೆಂಪು. ಹಿಂದೆಯೇ ಕಾನ್ಫರೆನ್ಸ್ ಕಾಲ್. ಬೈಗುಳ ಮಗಳ ಕಿವಿಗೆ ಬೀಳಬಾರದೆಂದು ಉಣ್ಣುವ ತಾಟು ಸರಿಸಿ ಹಿತ್ತಲಿಗೆ ಹೋಗುತ್ತೇನೆ.

2025ರ ಫೆಬ್ರವರಿಯಲ್ಲಿ ಸಾಲದ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಕಂಪನಿಗಳಿಗೆ ಅದು ಅನ್ವಯಿಸದು, ನಿಜ. ಊರ ಕಟ್ಟೆಯ ಮೇಲೆ ಕುಂತವರಿಗೆ ಆ ವ್ಯತ್ಯಾಸ ಯಾಕೆ ಬೇಕು? ಬೈಕ್ ನಿಲ್ಲಿಸಿದರೆ ಸಾಕು, ‘ಬಂದ್ರು ನೋಡ್ರಿ’ ಅನ್ನುತ್ತಾರೆ. ಹಗಲು ಅವರ ಮಾತು, ರಾತ್ರಿ ನಿಮ್ಮದು.

ಇದು ಒತ್ತಡ ಎಂದು ತಿಳಿಯಲು ನನಗೆ ವರ್ಷವೇ ಹಿಡಿಯಿತು. ಎದೆಯುರಿಯನ್ನು ಅಸಿಡಿಟಿ ಅಂದುಕೊಂಡೆ, ನಿದ್ದೆ ಬರದ್ದಕ್ಕೆ ಚಹಾ ಬಿಟ್ಟೆ. ಫೋನ್ ಬರದಿದ್ದರೂ ಕಿಸೆ ಗುಂಯ್ ಅಂದಂತಾಗಿ ತೆಗೆದು ನೋಡುತ್ತಿದ್ದೆ. ಒಂದು ಸಂಜೆ ಮಗಳ ಮೇಲೆ ಕೂಗಾಡಿಬಿಟ್ಟೆ. ಹೆಂಡತಿ ಮೆಲ್ಲಗೆ, ‘ಅಕಿ ಪೆನ್ಸಿಲ್ ಕೇಳಿದ್ಲು, ಅಷ್ಟಽ’ ಅಂದಳು.

ಮರುವಾರ ಡಿಮ್ಹಾನ್ಸ್‌ಗೆ ಹೋದೆ. 1845ರಿಂದ ನಮ್ಮೂರಲ್ಲೇ ಇರುವ ಮಾನಸಿಕ ಆಸ್ಪತ್ರೆ. ಆದರೂ ಗೇಟಿನ ಮುಂದೆ ಇಳಿದಾಗ ಗುರುತಿನವರು ಯಾರಾದರೂ ಇದ್ದಾರೋ ಎಂದು ಆಚೀಚೆ ನೋಡಿದೆ. ಡಾಕ್ಟರು ಮಾತ್ರೆಗಿಂತ ಪ್ರಶ್ನೆಗಳನ್ನೇ ಹೆಚ್ಚು ಕೊಟ್ಟರು. ಮಲಗುವ ಕೋಣೆಗೆ ಫೋನ್ ಒಯ್ಯಬೇಡಿ ಅಂದರು. ಒಯ್ಯದಿದ್ದ ಮೊದಲ ರಾತ್ರಿ ಏಳು ಮಿಸ್ಡ್ ಕಾಲ್, ಬೆಳಗಾದರೆ ಮೆಮೊ. ಆಸ್ಪತ್ರೆಗೆ ಹೋದ ಅರ್ಧ ದಿನದ ಪಗಾರವೂ ಹೋಯಿತು.

ನೀವು ಏನೂ ಮಾಡಿಲ್ಲ ಅನ್ನಲಾರೆ. ಒತ್ತಡ ನಿವಾರಣೆಗೆಂದು ಪ್ರಾಣಾಯಾಮದ ಆನ್‌ಲೈನ್ ತರಗತಿ ಇಟ್ಟಿದ್ದಿರಿ. ಭಾನುವಾರ, ಹಾಜರಿ ಕಡ್ಡಾಯ.

ನಾನು ಕೇಳುವುದು ಮೂಗು ಹಿಡಿದು ಕೂರುವುದಕ್ಕಿಂತ ಸುಲಭದ್ದು. ಸಾಲಗಾರರಿಗೆ ಇರುವ ಸಮಯವೇ ನಮಗೂ ಇರಲಿ. ಬಾಕಿ ಪಟ್ಟಿ ಬೆಳಿಗ್ಗೆ ಕೊಡಿ, ಕೆಂಪು ಬಣ್ಣ ಬಿಡಿ. ಡಾಕ್ಟರ ಹತ್ತಿರ ಹೋದ ದಿನದ ಪಗಾರ ಹಿಡಿಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಪುಕ್ಕಟೆ ಸಿಗುತ್ತದೆ; ಆ ಸಂಖ್ಯೆಯನ್ನು ಶಾಖೆಯ ಗೋಡೆಗೆ ಅಂಟಿಸಿ. ಈಗ ಅಲ್ಲಿ ನಮ್ಮ ರ್‍ಯಾಂಕ್ ಪಟ್ಟಿ ಇದೆ.

ಇಂತಿ,
ಒಬ್ಬ ಫೀಲ್ಡ್ ಆಫೀಸರ್, ಧಾರವಾಡ